ಕಾಳು ಬಿಡದ ಬಳ್ಳಿಯ ಕಥೆ

ಶಿರಸಿ ಕಡೆಯ ಬೆಟ್ಟಗಳಲ್ಲಿ ಸೊಪ್ಪು ಕಡಿಯಲು ಹೋದವರು ಕಾಡು ಮೆಣಸಿನ ಬಳ್ಳಿಯನ್ನು ನೋಡಿಯೇ ಇರುತ್ತಾರೆ. ನೋಡಲು ತೋಟದ ಬಳ್ಳಿಯ ಹಾಗೇ ಇರುತ್ತದೆ. ಕರೆಯೂ, ಅಂದರೆ ಹೂವಿನ ತೆನೆಯೂ, ಬಿಡುತ್ತದೆ. ಆದರೆ ಕೆಲವು ಬಳ್ಳಿಗಳಲ್ಲಿ ಎಷ್ಟು ವರ್ಷ ಕಾದರೂ ಒಂದು ಕಾಳೂ ಇಲ್ಲ. "ಅದು ಗಂಡು ಬಳ್ಳಿ ಮಾರಾಯಾ, ಬಿಡು" ಅನ್ನುತ್ತಾರೆ ಹಿರಿಯರು.

ಮಾತು ಸರಿಯೇ. ಕಾಡಿನ ಕಾಳುಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ತೋಟದ ಬಳ್ಳಿಯಲ್ಲಿ ಮಾತ್ರ ಹೆಚ್ಚಿನ ಹೂಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಮೆಣಸು ಕಾಡಿನಿಂದ ತೋಟಕ್ಕೆ ಇಳಿದದ್ದು ಈ ದಾರಿಯಲ್ಲೇ.

ಕಾಳುಮೆಣಸಿನ ತವರು ನಮ್ಮದೇ ಪಶ್ಚಿಮ ಘಟ್ಟ. ಕೆಂಪಗೆ ಹಣ್ಣಾದ ಕಾಳನ್ನು ಹಕ್ಕಿ ತಿಂದು ಇನ್ನೊಂದು ಮರದ ಬುಡದಲ್ಲಿ ಬೀಜ ಬೀಳಿಸುತ್ತದೆ. ಬೀಜದಿಂದ ಎದ್ದ ಬಳ್ಳಿಗಳು ಒಂದರಂತೆ ಒಂದಿರುವುದಿಲ್ಲ. ಎಲ್ಲೋ ಒಂದರಲ್ಲಿ ಗಂಡು, ಹೆಣ್ಣು ಎರಡೂ ಒಟ್ಟಿಗಿರುವ ಹೂ, ಕಾಳೂ ಜಾಸ್ತಿ. ಅಂಥದ್ದನ್ನು ಕಂಡವರು ಬಳ್ಳಿ ತುಂಡು ಮಾಡಿ ತಂದು ನೆಟ್ಟರು. ಒಂದೇ ಊರಲ್ಲಿ, ಒಂದೇ ಸಲ ಆದ ಕೆಲಸ ಅಲ್ಲ ಇದು. ಅದಕ್ಕೇ ನಮ್ಮಲ್ಲಿ ಮಲ್ಲಿಗೆಸರ, ದೊಡ್ಡಿಗ್ಯ, ಉದ್ದಗೆರೆ ಅಂತ ಬೇರೆ ಬೇರೆ ತಳಿಗಳಿವೆ. ಮಲ್ಲಿಗೆಸರ ಎಂಬ ಹೆಸರು ಇಟ್ಟವರ ಕಣ್ಣನ್ನು ಮೆಚ್ಚಬೇಕು.

16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಕೆಳಗಿಳಿದು ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಆ ವ್ಯಾಪಾರದ ಬಗ್ಗೆ ಎಲ್ಲರೂ ಹೇಳುತ್ತಾರೆ. ಬಳ್ಳಿಯ ಬಗ್ಗೆ ಹೇಳುವವರು ಕಡಿಮೆ.

ತುಂಡು ನೆಡುವುದರಲ್ಲಿ ಒಂದು ಸುಖ ಇದೆ. ತಾಯಿ ಬಳ್ಳಿ ಹೇಗೋ ಮಗುವೂ ಹಾಗೇ. ಮೋಸ ಇಲ್ಲ. ಕಷ್ಟವೂ ಅಲ್ಲೇ ಇದೆ. ತೋಟದ ತುಂಬ ಇರುವುದು ಒಂದೇ ಬಳ್ಳಿಯ ತುಂಡುಗಳಾದರೆ, ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಹುದು. ಮಳೆಗಾಲದ ಸೊರಗು ರೋಗ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೈಟಾಫ್ತೊರಾ ಎಂಬ ರೋಗಾಣು ನೀರು ನಿಂತ ಮಣ್ಣಿನಲ್ಲಿ ಬೇರಿಗೆ, ಬುಡಕ್ಕೆ ಹತ್ತುತ್ತದೆ. ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ.

ಇಳುವರಿಗಾಗಿ ತಳಿಗಳನ್ನು ಕೂಡಿಸುವ ಕೆಲಸ ಕೇರಳದ ಪನ್ನಿಯೂರಿನಲ್ಲಿ ನಡೆಯಿತು. 1971ರಲ್ಲಿ ಪನ್ನಿಯೂರು-1 ಬಿಡುಗಡೆಯಾಯಿತು. ಮೆಣಸಿನಲ್ಲಿ ಜಗತ್ತಿಗೇ ಅದು ಮೊದಲ ಹೈಬ್ರಿಡ್. ಅದರ ತಾಯಿ ಉತಿರನ್‌ಕೊಟ್ಟ ಎಂಬ ತಳಿ. ಅದರಲ್ಲಿ ಹೆಚ್ಚಾಗಿ ಇರುವುದು ಹೆಣ್ಣು ಹೂ, ಕಾಳು ಕಟ್ಟುವುದು ಕಡಿಮೆ. ಅಂಥ ಬಳ್ಳಿಯ ಮಗಳು ಭರ್ಜರಿ ಇಳುವರಿ ಕೊಟ್ಟಳು! ಆದರೆ ಅವಳಿಗೆ ಬಿಸಿಲು ಬೇಕು. ನಮ್ಮ ಅಡಿಕೆ ತೋಟದ ದಟ್ಟ ನೆರಳು ಅಷ್ಟಾಗಿ ಒಗ್ಗುವುದಿಲ್ಲ. ಸೊರಗು ರೋಗಕ್ಕೂ ಅವಳಲ್ಲಿ ಮದ್ದು ಸಿಗಲಿಲ್ಲ.

ಈಗ ನರ್ಸರಿಗಳಲ್ಲಿ ಸಿಗುವ 'ಹಿಪ್ಪಲಿ ಕಸಿ'ಯ ಮೂಲ ಇಲ್ಲಿದೆ. ಹಿಪ್ಪಲಿ ಅಂದರೂ ಇದು ಔಷಧಿಯ ಹಿಪ್ಪಲಿ ಅಲ್ಲ. ದಕ್ಷಿಣ ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ, ಮೆಣಸಿನ ದೂರದ ನೆಂಟ. ಸೊರಗು ರೋಗ ಇದರ ಬೇರಿಗೆ ತಾಗುವುದಿಲ್ಲ. ಹೂವಿಗೆ ಹೂ ಕೂಡಿಸಿ ಆ ಗುಣವನ್ನು ನಮ್ಮ ಮೆಣಸಿಗೆ ತರುವುದು ಬಲು ಕಷ್ಟ. ಹಾಗಾಗಿ ಬೇರನ್ನಷ್ಟೇ ಎರವಲು ಪಡೆದು ಮೇಲೆ ನಮ್ಮ ತಳಿ ಕಟ್ಟುತ್ತಾರೆ. ಒಳ್ಳೆಯ ಉಪಾಯ, ಆದರೆ ಪೂರ್ತಿ ಅಲ್ಲ. ಬೇಸಿಗೆಯಲ್ಲಿ ನೀರು ತಪ್ಪಿದರೆ ಒಣಗುತ್ತದೆ. ಕೆಲವು ಕಸಿಗಳಲ್ಲಿ ನಾಲ್ಕಾರು ವರ್ಷಕ್ಕೆ ಜೋಡಣೆಯೇ ಕೈಕೊಡುತ್ತದೆ. ಎಲೆಗೆ, ಕರೆಗೆ ಬರುವ ರೋಗ ಹೇಗೂ ಬರುತ್ತದೆ.

ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಊರ ತಳಿಗಳ ಜೊತೆ ಕಾಡಿನ ಬಳ್ಳಿಗಳನ್ನೂ ತಂದು ಬೆಳೆಸಿದ್ದಾರೆ. ಭತ್ತದ ಬೀಜದ ಹಾಗೆ ಮೆಣಸಿನ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡಲು ಆಗುವುದಿಲ್ಲ. ಒಣಗಿದರೆ ಮೊಳಕೆ ಶಕ್ತಿಯೇ ಹೋಗುತ್ತದೆ. ಬಳ್ಳಿ ಜೀವಂತ ಇರಬೇಕು, ಅಲ್ಲಾದರೂ ಸರಿ, ಬೆಟ್ಟದಲ್ಲಾದರೂ ಸರಿ.

ತಳಿ ಕೂಡಿಸುವವರಿಗೆ ಗಂಡು ಬಳ್ಳಿಯ ಪರಾಗವೂ ಬೇಕಾಗುತ್ತದೆ. ಬೆಟ್ಟದಲ್ಲಿ ಮರ ಚೊಕ್ಕ ಮಾಡುವಾಗ ನಾವು ಮೊದಲು ಕತ್ತಿ ಹಾಕುವುದು ಆ ಗಂಡು ಬಳ್ಳಿಗೇ. ನಾನೂ ಹಾಕಿದ್ದೇನೆ.