ರೊಟ್ಟಿ ಹರಿದರೆ ಮೊದಲು ಎಸರನ್ನು ನೋಡಿ

ಸೊಲ್ಲಾಪುರದ ನನ್ನ ಅಡುಗೆ ತರಗತಿಗೆ ಜೋಳದ ರೊಟ್ಟಿ ಕಲಿಯಲು ಬರುವವರಲ್ಲಿ ಹೆಚ್ಚಿನವರು ಅಡುಗೆ ಬಲ್ಲವರೇ. ಹೋಳಿಗೆ ಮಾಡುತ್ತಾರೆ, ಎಣ್ಣೆಗಾಯಿ ಮಾಡುತ್ತಾರೆ, ಚಪಾತಿಯನ್ನಂತೂ ಮಾತನಾಡುತ್ತಲೇ ಲಟ್ಟಿಸಿ ಮುಗಿಸುತ್ತಾರೆ. ಜೋಳದ ರೊಟ್ಟಿಯ ವಿಷಯದಲ್ಲಿ ಮಾತ್ರ ಅಂಚು ಸೀಳಿತು, ಎತ್ತುವಾಗ ಹರಿಯಿತು, ಹಂಚಿನ ಮೇಲೆ ಉಬ್ಬಲಿಲ್ಲ ಎಂಬ ದೂರು ಹೊತ್ತು ಬರುತ್ತಾರೆ. ಕಾರಣವನ್ನೂ ಅವರೇ ಹೇಳುತ್ತಾರೆ: ಕೈಗೆ ರೂಢಿ ಇಲ್ಲ, ಜೋಳ ಒಳ್ಳೆಯದಲ್ಲ, ಗ್ಯಾಸಿನ ಉರಿ ಸಾಲದು. ಎಸರನ್ನು, ಅಂದರೆ ಹಿಟ್ಟಿಗೆ ಸುರಿಯುವ ನೀರನ್ನು, ಎಷ್ಟು ಕಾಯಿಸಿದಿರಿ ಎಂದು ಕೇಳಿದರೆ "ಬಿಸಿನೀರೇ ಹಾಕೇನ್ರಿ ಅಕ್ಕಾರ" ಎಂಬ ಉತ್ತರ ತಪ್ಪದೆ ಬರುತ್ತದೆ. ನನ್ನ ತಾಳ್ಮೆ ಕೆಡುವುದು ಅಲ್ಲಿಯೇ.

ಪುಣೆಯಲ್ಲಿ ನೌಕರಿ ಮಾಡುವ, ಅಕ್ಕಲಕೋಟೆ ಕಡೆಯ ಹೆಣ್ಣುಮಗಳೊಬ್ಬಳು ಇತ್ತೀಚೆಗೆ ಬಂದಿದ್ದಳು. ಊರಿನಿಂದ ಜೋಳ ತರಿಸಿದ್ದಳು, ಕಬ್ಬಿಣದ ಹಂಚು ಕೊಂಡಿದ್ದಳು, ಆದರೂ ಒಂದು ರೊಟ್ಟಿಯೂ ಇಡಿಯಾಗಿ ಹಂಚು ಮುಟ್ಟುತ್ತಿರಲಿಲ್ಲ. ಬಹಳ ಕೆದಕಿ ಕೇಳಿದ ಮೇಲೆ ತಿಳಿದದ್ದೇನೆಂದರೆ, ಬೆಳಗಿನ ಅವಸರದಲ್ಲಿ ಆಕೆ ಬಚ್ಚಲಮನೆಯ ಗೀಜರ್‌ನಿಂದ ನೀರು ಹಿಡಿದು ತಂದು ಹಿಟ್ಟು ಕಲಸುತ್ತಿದ್ದಳು. "ಕೈ ಸುಡತದ್ರಿ, ಅಷ್ಟು ಬಿಸಿ ಇರತದ" ಎಂದಳು. ಜಾಣ ಹುಡುಗಿ, ಶ್ರದ್ಧೆಯೂ ಇದೆ. ಆದರೆ ಕೈ ಸುಡುವುದಕ್ಕೂ ಹಿಟ್ಟು ಬೇಯುವುದಕ್ಕೂ ಬಹಳ ಅಂತರವಿದೆ.

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ತಣ್ಣೀರು ಹಾಕಿ ನಾದಿದರೂ ಅದು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಪ್ರೋಟೀನು ಎಷ್ಟು ನಾದಿದರೂ ಹಾಗೆ ಹೆಣೆದುಕೊಳ್ಳುವುದಿಲ್ಲ. ಆದ್ದರಿಂದ ಜೋಳದ ಹಿಟ್ಟಿಗೆ ಜಿಗಿ ಬರಬೇಕಾದರೆ ಅದರ ಪಿಷ್ಟವೇ ಬೇಯಬೇಕು. ಪಿಷ್ಟದ ಕಣಗಳು ಬಿಸಿಯಲ್ಲಿ ನೀರು ಕುಡಿದು, ಊದಿಕೊಂಡು, ಅಂಟಾದಾಗ ಮಾತ್ರ ಪಕ್ಕದ ಕಣಗಳನ್ನು ಹಿಡಿದುಕೊಳ್ಳುತ್ತವೆ. ಜೋಳದ ಪಿಷ್ಟ ಹೀಗಾಗುವುದು, ತಳಿಯಿಂದ ತಳಿಗೆ ತುಸು ಹೆಚ್ಚುಕಡಿಮೆಯಾದರೂ, ಸುಮಾರು 68ರಿಂದ 78 ಡಿಗ್ರಿ ಸೆಲ್ಸಿಯಸ್ ನಡುವೆ. ಗೋಧಿಯ ಪಿಷ್ಟಕ್ಕಿಂತ ಇದು ಹೆಚ್ಚು. ಈ ಅಂಕಿ ಪಾತ್ರೆಯಲ್ಲಿರುವ ನೀರಿನದಲ್ಲ, ನೀರು ಬಿದ್ದ ಮೇಲೆ ಹಿಟ್ಟು ಮುಟ್ಟಬೇಕಾದ ಬಿಸಿಯದು. ಇದನ್ನು ಎಷ್ಟು ಸಲ ಹೇಳಿದರೂ ಮರೆಯುತ್ತಾರೆ.

ಲೆಕ್ಕ ಹಾಕಿ ನೋಡೋಣ. ಕೋಣೆಯಲ್ಲಿ 30 ಡಿಗ್ರಿ ಇದೆ, ಹಿಟ್ಟೂ ಅಷ್ಟೇ ಇದೆ ಎನ್ನಿ. ಹಿಟ್ಟಿನಷ್ಟೇ ತೂಕದ ಕುದಿಯುವ ನೀರನ್ನು ಹಾಕಿದರೆ, ಹಿಟ್ಟು ನೀರಿಗಿಂತ ಕಡಿಮೆ ಶಾಖಕ್ಕೇ ಬಿಸಿಯಾಗುವುದರಿಂದ, ಎರಡೂ ಸೇರಿ ಹೆಚ್ಚೆಂದರೆ 80 ಡಿಗ್ರಿಯ ಹತ್ತಿರ ನಿಲ್ಲುತ್ತವೆ, ಅದರಲ್ಲಿಯೂ ಹಿಟ್ಟು ಕಲಸುವ ತಣ್ಣನೆಯ ಪರಾತ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಅಂದರೆ ಕುದಿಯುವ ನೀರಿನಿಂದಲೂ ಕೆಲಸ ಆಗುವುದು ಅಂಚಿನಲ್ಲಿಯೇ. ಗುಳ್ಳೆ ಬರುವ ಮೊದಲೇ 80 ಡಿಗ್ರಿಯ ನೀರನ್ನು ಇಳಿಸಿ ಹಾಕಿದರೆ ಹಿಟ್ಟು 65ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಪಿಷ್ಟ ಬೇಯುವುದಿಲ್ಲ. ಗೀಜರ್‌ನ 60 ಡಿಗ್ರಿಯ ನೀರು ಹಾಕಿದರೆ ಹಿಟ್ಟಿಗೆ ಸಿಗುವುದು 50 ಡಿಗ್ರಿ ಮಾತ್ರ. ಅದು ಬೆಚ್ಚಗಿನ ಒದ್ದೆ ಹಿಟ್ಟು ಅಷ್ಟೆ. ಅರ್ಧ ಗಂಟೆ ನಾದಿದರೂ ಅದರಲ್ಲಿ ಜಿಗಿ ಹುಟ್ಟುವುದಿಲ್ಲ.

ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ಹಿಟ್ಟು ಕಲಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ ನಡುವೆ ಕುಳಿ ತೆಗೆದರು. ಎಸರು ಕೊತಕೊತ ಕುದಿಯುತ್ತಿರುವಾಗಲೇ ಒಲೆಯಿಂದ ನೇರವಾಗಿ ಕುಳಿಗೆ ಸುರಿದು, ಸುತ್ತಲಿನ ಒಣ ಹಿಟ್ಟನ್ನು ಸೌಟಿನ ಹಿಡಿಯಿಂದ ಅದರ ಮೇಲೆ ಎಳೆದು ಮುಚ್ಚಿ, ಮೇಲೊಂದು ತಾಟು ಬೋರಲು ಹಾಕಿ, ಉಳ್ಳಾಗಡ್ಡಿ ಹೆಚ್ಚಲು ಕುಳಿತರು. ಎರಡು ಉಳ್ಳಾಗಡ್ಡಿ ಹೆಚ್ಚಿ ಮುಗಿಯುವವರೆಗೆ ತಾಟು ತೆಗೆಯಲಿಲ್ಲ. ತೆಗೆದಾಗ ನಡುವಿನ ಹಿಟ್ಟು ಬಣ್ಣ ತಿರುಗಿ ತುಸು ಹೊಳೆಯುತ್ತಿತ್ತು. ಆಮೇಲೆಯೇ ಕೈಗೆ ತಣ್ಣೀರು ಮುಟ್ಟಿಸಿಕೊಂಡು, ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟನ್ನು ಮುಂದಕ್ಕೆಳೆದು ಅಂಗೈಯ ಬುಡದಿಂದ ತಿಕ್ಕಿ ನಾದಿದರು. ಅವರ ಬಳಿ ಥರ್ಮಾಮೀಟರ್ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಮುಚ್ಚಿಡುವ ಆ ಐದು ನಿಮಿಷವನ್ನೇ ನಮ್ಮ ಕಲಿಯುವವರು ಮೊದಲು ಉಳಿಸುತ್ತಾರೆ.

ಎಸರಿನ ಪ್ರಮಾಣ ಮಾತ್ರ ನಿಮ್ಮ ಹಿಟ್ಟು ನೋಡಿ ನಿರ್ಧರಿಸಬೇಕಾದದ್ದು. ಹೊಸ ಜೋಳ, ಹಳೆಯ ಜೋಳ, ನುಣ್ಣಗೆ ಬೀಸಿದ್ದು, ತರಿಯಾದದ್ದು ಎಲ್ಲವೂ ಬೇರೆ ಬೇರೆ ನೀರು ಕೇಳುತ್ತವೆ. ತೂಕಕ್ಕೆ ತೂಕ ಎಂದು ಮೊದಲಿಟ್ಟು ಅಲ್ಲಿಂದ ಹೆಚ್ಚುಕಡಿಮೆ ಮಾಡಿಕೊಳ್ಳಿ. ಎಸರು ಅತಿಯಾದರೆ ಹಿಟ್ಟು ಗೋಂದಿನಂತಾಗಿ ನಾದುವ ಕೊಣಮಿಗೆಗೆ ಅಂಟಿ ಕೂರುತ್ತದೆ.

ಎಸರಿನ ಕೆಲಸ ತಪ್ಪಿಸಲು ಈಗ ಎಲ್ಲರೂ ಹಿಡಿದಿರುವ ದಾರಿ ಗೋಧಿ ಬೆರೆಸುವುದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದವರಿಗೆ ಜೋಳದ ಮೇಲೆ ಪ್ರೀತಿ ಬಂತು, ಸಂತೋಷ. ಆದರೆ ಆ ಪ್ರೀತಿಯಲ್ಲಿ ಕಾಲುಪಾಲು, ಅರ್ಧಪಾಲು ಗೋಧಿ ಹಾಕಿ ಲಟ್ಟಿಸಿ, ಅದನ್ನು ಜೋಳದ ರೊಟ್ಟಿ ಎಂದು ಬಡಿಸುತ್ತಾರೆ. ರುಚಿಗಾಗಿ ಹಾಗೆ ತಿನ್ನುವವರೊಡನೆ ನನಗೆ ಜಗಳವಿಲ್ಲ. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರು ಮನೆಯಲ್ಲಿದ್ದರೆ ಮಾತ್ರ ಇದು ಅಪಾಯ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿಸುವುದು ಕೂಡ ಅವರಿಗೆ ಸುರಕ್ಷಿತವಲ್ಲ. ಸಕ್ಕರೆ ಕಾಯಿಲೆಯವರು ಎಷ್ಟು ರೊಟ್ಟಿ ತಿನ್ನಬೇಕೆಂದು ನನ್ನನ್ನು ಕೇಳುತ್ತಾರೆ. ಅದನ್ನು ಹೇಳಬೇಕಾದವರು ನಿಮ್ಮ ವೈದ್ಯರು, ನಾನಲ್ಲ.

ಇನ್ನು ಕೆಲವರು ದುಬಾರಿ ಜೋಳ ಕೊಂಡು ಸಮಾಧಾನಪಡುತ್ತಾರೆ. ನಮ್ಮ ಜಿಲ್ಲೆಯ ಜೋಳ ನಿಜಕ್ಕೂ ಶ್ರೇಷ್ಠ: ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹಿಂಗಾರಿಯಲ್ಲಿ ಇಂದಿಗೂ ಬಿತ್ತುವ ಮಾಲದಂಡಿ ಎಂ 35-1 ತಳಿಯನ್ನು ಆರಿಸಿದ್ದು ಇಲ್ಲಿಯ ಮೋಹೋಳದಲ್ಲಿ. ಆ ಬಿಳಿ, ತುಂಬಿದ ಕಾಳಿನ ರೊಟ್ಟಿಯ ಸಿಹಿ ಬೇರೆ ಜೋಳಕ್ಕೆ ಬರುವುದಿಲ್ಲ. ಆದರೆ ಮಾಲದಂಡಿಗೂ ಗ್ಲುಟೆನ್ ಇಲ್ಲ, ಅದಕ್ಕೂ ಎಸರು ಬೇಕು.

ಬಡಿಯುವ ವಿದ್ಯೆಯನ್ನು ಬರೆದು ಕಲಿಸಲಾಗುವುದಿಲ್ಲ. ಹಂಚಿಗೆ ಹಾಕಿದ ಮೇಲೆ ಒಣಹಿಟ್ಟು ಹತ್ತಿದ ಮಗ್ಗುಲಿಗೆ ಒದ್ದೆ ಅರಿವೆಯಿಂದ ನೀರು ಸವರುವುದನ್ನು ಮಾತ್ರ ಬಿಡಬೇಡಿ. ಆ ನೀರು ಒಣಹಿಟ್ಟನ್ನೂ ಬೇಯಿಸಿ ಮೇಲಿನ ಪದರವನ್ನು ಮುಚ್ಚುತ್ತದೆ. ಒಳಗಿನ ಹಬೆಗೆ ಹೊರಗೆ ದಾರಿ ಸಿಗದೆ ರೊಟ್ಟಿ ಉಬ್ಬುತ್ತದೆ. ನೀರು ಪೂರ್ತಿ ಆರುವ ಮೊದಲೇ ಮಗುಚಬೇಕು.

ಇಷ್ಟೆಲ್ಲ ಮಾಡಿ, ಕುದಿಯುವ ಎಸರೇ ಹಾಕಿ, ಮುಚ್ಚಿಟ್ಟು, ನಾದಿದ ಮೇಲೂ ಹರಿದರೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ. ತರಿ ಸಿಕ್ಕಿದರೆ ಗಿರಣಿಯವರಿಗೆ ಮುಂದಿನ ಸಲ ನುಣ್ಣಗೆ ಬೀಸಲು ಹೇಳಿ. ನಾಲಿಗೆಗೆ ಕಹಿ ಹತ್ತಿದರೆ ಬೀಸಿ ಬಹಳ ದಿನವಾಗಿದೆ ಎಂದರ್ಥ; ಕಾಳಿನ ಮೊಳಕೆಭಾಗದ ಎಣ್ಣೆ ಕೆಟ್ಟಿರುತ್ತದೆ. ಆ ಹಿಟ್ಟಿನ ಮೇಲೆ ಎಸರು ಖರ್ಚು ಮಾಡಬೇಡಿ, ಎಂಟು ಹತ್ತು ದಿನಕ್ಕೆ ಸಾಲುವಷ್ಟು ಹೊಸದಾಗಿ ಬೀಸಿಸಿಕೊಳ್ಳಿ.