ಅಮೃತಸರ-ಲಾಹೋರ್: 50 ಕಿಲೋಮೀಟರ್ ದಾರಿಗೆ ದುಬೈ ಸುತ್ತು

ಅಮೃತಸರದಿಂದ ಲಾಹೋರ್‌ಗೆ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಲೋಡ್ ಮಾಡಿದ್ರೆ ಮಧ್ಯಾಹ್ನಕ್ಕೆ ಇಳಿಸಬಹುದು. ಆದ್ರೆ ಎಷ್ಟೋ ವರ್ಷ ಇಲ್ಲಿನ ಸಾಮಾನು ಮುಂಬೈಗೆ ಹೋಗಿ, ಹಡಗು ಹತ್ತಿ, ಕರಾಚಿಲಿ ಇಳಿದು ಮತ್ತೆ ಉತ್ತರಕ್ಕೆ ಬರ್ತಿತ್ತು, ಇಲ್ಲಾಂದ್ರೆ ದುಬೈ ಸುತ್ತಿ. ಯಾವಾಗಿಂದ ಹೀಗೆ ಅಂದ್ರೆ ಒಬ್ಬೊಬ್ರು ಒಂದೊಂದು ಇಸವಿ ಹೇಳ್ತಾರೆ, ಎಲ್ಲವೂ ನಿಜಾನೇ.

ದೇಶ ಭಾಗ ಆದ್ಮೇಲೂ ವ್ಯಾಪಾರ ಜೋರಾಗೇ ಇತ್ತು. 1949ರಲ್ಲಿ ಭಾರತ ರೂಪಾಯಿ ಬೆಲೆ ಇಳಿಸ್ತು, ಪಾಕಿಸ್ತಾನ ಇಳಿಸ್ಲಿಲ್ಲ, ಆ ಜಗಳಕ್ಕೇ ಎಲ್ಲಾ ನಿಂತೋಯ್ತು. ಆಮೇಲೆ 1965ರ ಯುದ್ಧ, ಒಂಬತ್ತು ವರ್ಷ ಬಂದ್. 1996ರಲ್ಲಿ ಭಾರತ ‘ಪರಮಾಪ್ತ ರಾಷ್ಟ್ರ’ ಸ್ಥಾನ ಕೊಡ್ತು (ಹೆಸರು ಕೇಳಿ ಗಾಬರಿ ಆಗ್ಬೇಡಿ, ಬೇರೆಯವ್ರಿಗೆ ಹಾಕೋ ಸುಂಕಾನೇ ನಿಮಗೂ ಅಂತ ಅಷ್ಟೇ ಅರ್ಥ), ಆ ಕಡೆಯಿಂದ ಅದು ವಾಪಸ್ ಬರ್ಲಿಲ್ಲ.

ನಿಜವಾದ ಕಥೆ ಇರೋದು 2005ರಿಂದೀಚೆಗೆ. ಅಟ್ಟಾರಿ-ವಾಘಾ (ಈ ಕಡೆ ಅಟ್ಟಾರಿ, ಆ ಕಡೆ ವಾಘಾ) ರಸ್ತೆ ವ್ಯಾಪಾರಕ್ಕೇನೋ ತೆರೀತು, ಆದ್ರೆ ಲಾರಿ ಗಡಿ ಗೆರೆ ದಾಟಂಗಿಲ್ಲ, ನೀಲಿ ಅಂಗಿ ಹಮಾಲಿಗಳು ಮೂಟೆ ಹೊತ್ಕೊಂಡು ಗೆರೆ ತನಕ ಬಂದು ಆ ಕಡೆ ಹಮಾಲಿ ತಲೆಗೆ ದಾಟಿಸ್ಬೇಕು, ಹೀಗೆ ತಲೆಯಿಂದ ತಲೆಗೆ ಒಂದು ದೇಶದ ರಫ್ತು. 2007ರಲ್ಲಿ ಲಾರಿ ಬಿಟ್ರು, ಅದೂ ಆ ಕಡೆ ಕಸ್ಟಮ್ಸ್ ಅಂಗಳದ ತನಕ, ಪೇಟೆಗಲ್ಲ. ಅದರ ಮೇಲೆ ಪಾಕಿಸ್ತಾನ ರಸ್ತೇಲಿ ತರಿಸ್ಕೊಳ್ತಿದ್ದದ್ದು ಬರೀ 137 ಬಗೆ ಸಾಮಾನು, ಉಳಿದಿದ್ದಕ್ಕೆ ಸಮುದ್ರವೇ ಗತಿ. 2012ರಲ್ಲಿ ಅಟ್ಟಾರಿಲಿ ದೊಡ್ಡ ಚೆಕ್‌ಪೋಸ್ಟ್ ಕಟ್ಟಿದ್ರು, ಗೋಡೌನ್ ಬಂತು, ಇಡೀ ಲಾರಿ ಸ್ಕ್ಯಾನ್ ಮಾಡೋ ಮಷಿನ್ ಮಾತ್ರ ವರ್ಷಗಟ್ಲೆ ಬರ್ಲಿಲ್ಲ, ಹಾಗಾಗಿ ಮೂಟೆ ಇಳಿಸು, ಬಿಚ್ಚಿ ನೋಡು, ಮತ್ತೆ ಹೇರು. ಸುಂಕದ ಬಗ್ಗೆ ಎಲ್ರೂ ಮಾತಾಡ್ತಾರೆ, ಸಾಲಲ್ಲಿ ನಿಂತ ಲಾರೀಲಿ ಕೊಳೀತಿದ್ದ ಟೊಮೆಟೊ ಲೆಕ್ಕ ಯಾವ ಒಪ್ಪಂದದಲ್ಲೂ ಇರ್ಲಿಲ್ಲ.

2019ರ ಫೆಬ್ರವರೀಲಿ ಪುಲ್ವಾಮಾ ದಾಳಿ ಆದ ಎರಡೇ ದಿನಕ್ಕೆ ಪಾಕಿಸ್ತಾನದ ಸರಕಿಗೆ 200% ಸುಂಕ ಬಿತ್ತು. ಸಿಮೆಂಟು, ಜಿಪ್ಸಂ, ಒಣ ಖರ್ಜೂರ ಎಲ್ಲಾ ಅಲ್ಲಿಗೇ ನಿಂತ್ವು. ಆಗಸ್ಟಲ್ಲಿ ಭಾರತ ಕಾಶ್ಮೀರದ 370ನೇ ವಿಧಿ ತೆಗೆದ ವಿಷಯಕ್ಕೆ ಆ ಕಡೆಯವ್ರು ವ್ಯಾಪಾರಾನೇ ನಿಲ್ಲಿಸಿದ್ರು. 1949 ಒಂದು ಬಿಟ್ರೆ, ಯಾವ ಸಲಾನೂ ಬಾಗಿಲು ಹಾಕಿದ್ದು ವ್ಯಾಪಾರದ ಕಾರಣಕ್ಕಲ್ಲ ಅನ್ನೋದನ್ನ ಗಮನಿಸಿ. ಅಟ್ಟಾರಿಯ ಸಾವಿರಕ್ಕೂ ಹೆಚ್ಚು ಹಮಾಲಿಗಳಿಗೆ ಉಳಿದಿದ್ದು ಅಫ್ಘಾನಿಸ್ತಾನದಿಂದ ಬರೋ ಡ್ರೈಫ್ರೂಟ್ ಮೂಟೆ ಅಷ್ಟೇ.

2025ರ ಏಪ್ರಿಲಲ್ಲಿ ಪಹಲ್ಗಾಮ್ ದಾಳಿ ಮಾರನೇ ದಿನ ಚೆಕ್‌ಪೋಸ್ಟನ್ನೇ ಮುಚ್ತೀವಿ ಅಂತ ಘೋಷಣೆ ಆಯ್ತು. ಮೇ 2ಕ್ಕೆ ಇನ್ನೊಂದು ಆದೇಶ, ಪಾಕಿಸ್ತಾನದ ಸಾಮಾನು ಬೇರೆ ದೇಶದ ಮೂಲಕವೂ ಬರಂಗಿಲ್ಲ. ಈಗ ಕಾಗದದ ಮೇಲೆ ದುಬೈ ದಾರಿಯೂ ಇಲ್ಲ.