ಹಾರ್ಟ್ ಅಟ್ಯಾಕ್ ಸಾಹೇಬರಿಗೋ, ಜವಾನನಿಗೋ?

ಟೆನ್ಷನ್ ಅಂದರೆ ಕುರ್ಚಿಯಲ್ಲಿ ಕೂತವರ ಕಾಯಿಲೆ ಅನ್ನುವುದು ಬಹಳ ಜನರ ನಂಬಿಕೆ. ಸಾಹೇಬರಿಗೆ ನೂರೆಂಟು ತಲೆನೋವು, ಫೈಲ್ ಹೊರುವ ಜವಾನನಿಗೆ ಏನು ಚಿಂತೆ, ಅಲ್ವಾ?

ಅಲ್ಲ. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸು ನೌಕರರ ಅಧ್ಯಯನ 1967ರಲ್ಲಿ ಶುರುವಾಯಿತು. ಹೃದಯದ ಕಾಯಿಲೆಯಿಂದ ಸತ್ತವರ ಲೆಕ್ಕ ನೋಡಿದರೆ, ಮೇಲಧಿಕಾರಿಗಳಿಗಿಂತ ಜವಾನ, ಬಾಗಿಲು ಕಾಯುವವರ ಸಾಲಿನಲ್ಲಿ ಮೂರು ಪಟ್ಟಿನಷ್ಟು! ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಕರಗಲಿಲ್ಲ. ಇವರ‍್ಯಾರೂ ಕಡುಬಡವರಲ್ಲ, ಚಿಕಿತ್ಸೆಯೂ ಪುಕ್ಕಟೆ. 1985ರಲ್ಲಿ ಮೈಕೆಲ್ ಮಾರ್ಮಟ್ ಹೆಂಗಸರನ್ನೂ ಸೇರಿಸಿ ಇನ್ನೊಂದು ಅಧ್ಯಯನ ಶುರುಮಾಡಿದರು. ಆಗ ಕಂಡ ಒಂದು ಮುಖ್ಯ ಸುಳಿವು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು.

ಹಿಡಿತವಿಲ್ಲದಿದ್ದರೆ ರಕ್ತನಾಳಕ್ಕೇನು? ಇಲ್ಲಿದೆ ನನಗೆ ಬಹಳ ಇಷ್ಟವಾದ ಭಾಗ. ಗಾಬರಿಯಾದಾಗ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಅದು ರಕ್ತಕ್ಕೆ ಸಕ್ಕರೆ ತುಂಬಿಸುತ್ತದೆ, ಜೊತೆಗೆ ಉರಿಯೂತಕ್ಕೆ, ಅಂದರೆ ಗಾಯ, ಸೋಂಕು ಆದಾಗ ಬಿಳಿ ರಕ್ತಕಣಗಳು ಎಬ್ಬಿಸುವ ಊತ, ಉರಿಗೆ, ಬ್ರೇಕ್ ಹಾಕುತ್ತದೆ. ಹಾಗಾದರೆ ಒತ್ತಡ ಜಾಸ್ತಿಯಾದಷ್ಟೂ ಉರಿಯೂತ ಕಡಿಮೆಯಾಗಬೇಕಿತ್ತು. ಆಗುವುದು ಉಲ್ಟಾ. ದಿನವಿಡೀ ಗದರುವ ಮೇಷ್ಟ್ರ ಮಾತು ಯಾವ ಹುಡುಗ ಕೇಳುತ್ತಾನೆ? ಹಳಿ ಪಕ್ಕದ ಮನೆಯವರು ರೈಲಿನ ಸದ್ದಿಗೆ ಏಳುತ್ತಾರಾ? ತಿಂಗಳುಗಟ್ಟಲೆ ಕಾರ್ಟಿಸಾಲ್ ಕೂಗಿದರೆ ಬಿಳಿ ರಕ್ತಕಣಗಳೂ ಹಾಗೇ ಕಿವುಡಾಗುತ್ತವೆ. ಬ್ರೇಕ್ ಒತ್ತಿದ್ದೇ ಬಂತು, ಗಾಡಿ ನಿಲ್ಲುವುದಿಲ್ಲ. ನಾಳದ ಗೋಡೆಯಲ್ಲಿ ಸಣ್ಣ ಉರಿ ಆರದೆ ಉಳಿಯುತ್ತದೆ, ಅಲ್ಲಿ ಕೊಬ್ಬು ಕಟ್ಟಿಕೊಳ್ಳಲು ಅದೇ ದಾರಿ.

ಇದು ಸುಮ್ನೆ ಊಹೆಯಲ್ಲ. ಅಮೆರಿಕದ ಶೆಲ್ಡನ್ ಕೋಹೆನ್ ತಂಡ 276 ಸ್ವಯಂಸೇವಕರ ಮೂಗಿಗೆ ನೆಗಡಿ ವೈರಸ್ ಬಿಟ್ಟು ನೋಡಿತು. ಬಹುಕಾಲ ಒತ್ತಡ ಅನುಭವಿಸಿದವರ ರಕ್ತಕಣಗಳು ಕಾರ್ಟಿಸಾಲ್ ಮಾತು ಕಡಿಮೆ ಕೇಳುತ್ತಿದ್ದವು. ನೆಗಡಿ ಹಿಡಿದದ್ದೂ ಅವರಿಗೇ ಹೆಚ್ಚು. ಈ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ನೆಗಡಿ ಹೃದ್ರೋಗವಲ್ಲ, ನಿಜ. ಆದರೆ ಕಿವುಡು ಅದೇ. ಇದರ ಮೇಲೆ ನಿದ್ದೆಗೆಟ್ಟ ರಾತ್ರಿಗಳು, ಎರಡು ಬೀಡಿ ಹೆಚ್ಚು ಸೇದುವುದು, ಇವೆಲ್ಲ ಬೇರೆ.

ಹಾಗಂತ ಎಲ್ಲ ಕಾಯಿಲೆಯನ್ನೂ ಟೆನ್ಷನ್ ತಲೆಗೆ ಕಟ್ಟಬೇಡಿ. ಹೊಟ್ಟೆಹುಣ್ಣಿಗೆ ಚಿಂತೆಯೇ ಕಾರಣ ಅಂತ ಡಾಕ್ಟರುಗಳೇ ದಶಕಗಟ್ಟಲೆ ಹೇಳಿದ್ದರು. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಒಂದು ಬ್ಯಾಕ್ಟೀರಿಯಾದ ದ್ರವವನ್ನು ತಾನೇ ಗಟಗಟ ಕುಡಿದು, ಹೊಟ್ಟೆಯ ಒಳಪದರ ಊದಿಸಿಕೊಂಡ. ಹುಣ್ಣಿನ ಹಿಂದೆ ಆ ಬ್ಯಾಕ್ಟೀರಿಯಾದ ಕೈವಾಡ ಇದೆ ಅಂತ ಕಂಡುಹಿಡಿದದ್ದಕ್ಕೆ 2005ರಲ್ಲಿ ನೊಬೆಲ್ ಬಂತು. ಹುಣ್ಣಾದವರಿಗೆ ಈಗಲೂ ‘ಟೆನ್ಷನ್ ಬಿಡಿ’ ಅನ್ನುವವರಿದ್ದಾರೆ. ಬಹಳಷ್ಟು ಸಲ ಬೇಕಾದದ್ದು ಆ್ಯಂಟಿಬಯೋಟಿಕ್ ಮಾತ್ರೆ.